ಅಪ್ಪನ ನಿದ್ದೆಗೆ ಹಾಕಿದ ಬೀಗ

ಭಾರತೀನಗರದ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ನಿದ್ದೆಯ ಪಾಠದ ದಿನ ತರಗತಿಯಲ್ಲಿ ಯಾರೂ ತೂಕಡಿಸುವುದಿಲ್ಲ. ನಾವು ಮಲಗಿದರೂ ಮೆದುಳು ಮಲಗುವುದಿಲ್ಲ, ಹಗಲು ಕಲಿತದ್ದನ್ನು ಹಸನು ಮಾಡಿ ಎತ್ತಿಡುತ್ತದೆ. ಕನಸು ಬೀಳುವಾಗ ಕಣ್ಣುಗುಡ್ಡೆ ಅತ್ತಿತ್ತ ಓಡುತ್ತದೆ, ಆದರೆ ಕೈಕಾಲಿಗೆ ಮೆದುಳೇ ಬೀಗ ಹಾಕಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ನಾಯಿ ಅಟ್ಟಿಸಿಕೊಂಡು ಬಂದವರೆಲ್ಲ ಚಾಪೆ ಸಮೇತ ಬೀದಿಗೆ ಓಡಬೇಕಾಗಿತ್ತು ಎನ್ನುತ್ತೇನೆ. ಮಕ್ಕಳು ನಗುತ್ತಾರೆ. ನಗು ನಿಲ್ಲುವ ಮೊದಲೇ ನಮ್ಮಪ್ಪನ ಕತೆ ಹೇಳಿ ಇನ್ನಷ್ಟು ನಗಿಸುತ್ತಿದ್ದೆ.

ಅಪ್ಪ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವನು. ಕುದಿಯುವ ಕೊಪ್ಪರಿಗೆಯಿಂದ ಒಂದು ತೊಟ್ಟನ್ನು ನೀರಿನ ಚೊಂಬಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ ನೋಡಿ, "ಇಳಿಸ್ರಲಾ" ಎನ್ನಬೇಕು. ಆಗಲೇ ಇಳಿಸುವುದು. ತಡವಾದರೆ ಬೆಲ್ಲ ಕಪ್ಪಗಾಗುತ್ತದೆ, ಅವಸರ ಮಾಡಿದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದವಳು ಅವ್ವ.

ಐವತ್ತು ದಾಟಿದ ಮೇಲೆ ಅಪ್ಪ ಬೆಳಗಿನ ಜಾವದ ನಿದ್ದೆಯಲ್ಲೂ ಕೆಲಸ ಶುರುಮಾಡಿದ. ಮಲಗಿದಲ್ಲೇ ಎರಡೂ ಕೈಯಿಂದ ಗಾಳಿಯನ್ನು ತಿರುವುತ್ತ "ಉರಿ ತಗ್ಸಮ್ಮಿ!" ಎಂದು ಅವ್ವನನ್ನು ಕೂಗುತ್ತಿದ್ದ. ಎಷ್ಟೋ ಸಲ ಆ ಕೈ ಪಕ್ಕದಲ್ಲಿದ್ದ ಅವ್ವನಿಗೆ ಬೀಳುತ್ತಿತ್ತು. ಆಲೆಮನೆ ಯಜಮಾನ ಇದನ್ನು ಕೇಳಿ, "ನಿದ್ದೇಲೂ ದುಡಿಯೋ ಜೀವ ಕಣ್ಲಾ, ಇಂಥೋನು ಎಲ್ ಸಿಕ್ತಾನೆ" ಎಂದ. ನಾವು ಉಬ್ಬಿಹೋದೆವು. ವರ್ಷ ವರ್ಷವೂ ಬೀಗದ ಪಾಠ ಒಪ್ಪಿಸುವ ನನಗೆ, ಮನೆಯಲ್ಲೇ ಒಂದು ಬೀಗ ಮುರಿದಿದೆ ಎಂದು ಹೊಳೆಯಲಿಲ್ಲ. ದೀಪದ ಬುಡ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಹತ್ತು ವರ್ಷ ಕಳೆಯಿತು. ಸುಮ್ಮನೆ ಜಗಲಿಯಲ್ಲಿ ಕೂತಾಗಲೂ ಅಪ್ಪನ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಉಜ್ಜತೊಡಗಿದವು. ಪಾಕದ ಉಂಡೆ ಮಾಡಿ ಮಾಡಿ ಬಂದ ಚಾಳಿ ಎಂದುಕೊಂಡೆವು. ನೋಡಿದವರೂ ಹಾಗೇ ಅಂದರು. ಕಾಲು ಎಳೆಯಲು ಶುರುವಾದ ಮೇಲೆ ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಬೆರಳನ್ನೇ ನೋಡುತ್ತ, "ನಿದ್ದೆಯಲ್ಲಿ ಕೂಗ್ತಾರಾ, ಕೈ ಬೀಸ್ತಾರಾ?" ಎಂದು ಕೇಳಿದರು. ನಾನು ತರಗತಿಯ ಕತೆಯನ್ನೇ ನಗುತ್ತ ಹೇಳಿದೆ. ಅವರು ನಗಲಿಲ್ಲ. ಇದು ಪಾರ್ಕಿನ್ಸನ್ ಕಾಯಿಲೆ, ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ನಿದ್ದೆಯ ಬೀಗ ಸಡಿಲವಾಗುವುದುಂಟು ಎಂದರು. ನನ್ನ ಮುಖ ನೋಡಿ, ಮುಂಚೆ ಗೊತ್ತಾಗಿದ್ದರೂ ತಡೆಯುವ ಔಷಧಿ ಇರಲಿಲ್ಲ ಬಿಡಿ ಎಂದು ಸಮಾಧಾನ ಮಾಡಿದರು. ಆ ಸಮಾಧಾನಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಈಗ ಹಗಲು ಮುದ್ದೆಯ ಒಂದು ತುತ್ತು ಬಾಯಿಗೆ ತಲುಪುವಷ್ಟರಲ್ಲಿ ಸಾರು ಆರಿರುತ್ತದೆ. ದನಿ ಎಷ್ಟು ಇಳಿದಿದೆಯೆಂದರೆ ಕಿವಿ ಕೊಟ್ಟರೂ ಕೇಳುವುದಿಲ್ಲ. ಆದರೆ ಮೊನ್ನೆಮೊನ್ನೆಯವರೆಗೂ ಜಾವದ ಕನಸಿನಲ್ಲಿ ಅದೇ ಕೈ ಸಲೀಸಾಗಿ ತಿರುಗುತ್ತಿತ್ತು, ದನಿ ಗೋಡೆಯಾಚೆಗೂ ಕೇಳುತ್ತಿತ್ತು. ಹೋದ ತಿಂಗಳು ಆ ಕೈ ತಗುಲಿ ಅವ್ವನ ಹಲ್ಲು ಮುರಿಯಿತು. ಬೇರೆ ಕೋಣೆಯಲ್ಲಿ ಮಲಗು ಎಂದು ಗದರಿದೆ.

"ಅಗಲೆಲ್ಲ ಮೂಗನಂಗೆ ಕುಂತಿರ್ತಾನೆ. ಆ ಒತ್ನಲ್ಲಾದ್ರೂ ನನ್ನ ಕೂಗ್ತಾನೆ. ಒಡದ್ರೆ ಒಡೀಲಿ ಬುಡ್ಲಾ" ಎಂದಳು.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನನಗೆ ಬಂದಿದ್ದು ಒಕ್ಕಾಲು ಮಾತ್ರ. ಡಾಕ್ಟರಿಗೆ ಹೇಳಿ ನಿದ್ದೆಯ ಆರ್ಭಟ ತಗ್ಗಿಸುವ ಮಾತ್ರೆ ಬರೆಸಿಕೊಂಡು ಬಂದೆ. ಅವ್ವನಿಗೆ ತಿಳಿಸದೆ ರಾತ್ರಿಯ ಬೇರೆ ಮಾತ್ರೆಗಳ ಜೊತೆ ಕೊಟ್ಟೆ. ಮಾತ್ರೆ ಚೆನ್ನಾಗಿ ಕೆಲಸ ಮಾಡಿತು.

ನಾಲ್ಕನೆಯ ಬೆಳಗ್ಗೆ ಎದ್ದು ನೋಡಿದರೆ ಅಪ್ಪ ಅಲುಗದೆ ಮಲಗಿದ್ದ. ಅವ್ವ ಪಕ್ಕದಲ್ಲಿ ಕೂತು ಅವನ ಬಾಯಿಗೆ ಕಿವಿ ಹಚ್ಚಿದ್ದಳು. ನನ್ನನ್ನು ಕಂಡು, "ಕೂಗಾದೇ ಬುಟ್ಬುಟ್ಟ ಕಣ್ಲಾ. ನನ್ ಮೇಲೆ ಏನಾರ ಕ್ವಾಪವಾ?" ಎಂದು ಕೇಳಿದಳು.

ಅವತ್ತು ರಾತ್ರಿಯೂ ಮಾತ್ರೆ ಕೊಟ್ಟೆ.