ಡ್ರೈವರ್ ರೂಮಿನ ಊಟ

ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ‘ಹತ್ನಿಮಿಷ’ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ಸೀಟಿನ ಟೂರಿಸ್ಟ್ ವ್ಯಾನು ಓಡಿಸುವವನು. ಎಲ್ಲಿ ಗಾಡಿ ನಿಲ್ಲಿಸಿದರೂ ಹಿಂದಕ್ಕೆ ತಿರುಗಿ, “ಹತ್ತೇ ನಿಮಿಷ, ಬೇಗ್‌ಬೇಗ ಮುಗಿಸ್ಕೊಂಡು ಬನ್ನಿ” ಎನ್ನುವುದು, ಆಮೇಲೆ ತಾನೇ ಮುಕ್ಕಾಲು ಗಂಟೆ ಮಾಯವಾಗುವುದು. ಮಾಯವಾಗುತ್ತಿದ್ದದ್ದು ಊಟಕ್ಕೆ. ಮನುಷ್ಯನಿಗೆ ಊಟವೆಂದರೆ ಪ್ರಾಣ. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ನಂಗೆ ಎರಡೂ ಗೊತ್ತು” ಎಂದು ಎದೆ ತಟ್ಟಿಕೊಳ್ಳುತ್ತಿದ್ದ.

ಹೆದ್ದಾರಿಯ ದೊಡ್ಡ ಹೋಟೆಲುಗಳಲ್ಲಿ ಒಂದು ಒಳಗಿನ ಪದ್ಧತಿಯಿದೆ. ಗಾಡಿ ತುಂಬ ಜನರನ್ನು ಕರೆತಂದ ಡ್ರೈವರಿಗೆ ಅಲ್ಲಿ ಊಟ ಪುಕ್ಕಟೆ. ಜನರ ನಡುವೆ ಕೂರಿಸಿ ಬಡಿಸುವುದಿಲ್ಲ. ಅಡುಗೆಮನೆಯ ಪಕ್ಕ ಒಂದು ಸಣ್ಣ ಕೋಣೆ, ಫ್ಯಾನು, ಒಂದು ಮೇಜು, ಬಾಗಿಲ ಮೇಲೆ ‘ಡ್ರೈವರ್‌ಗಳಿಗೆ ಮಾತ್ರ’ ಎಂಬ ಹಲಗೆ. ಹೊರಗೆ ಜನ ದುಡ್ಡು ಕೊಟ್ಟು ಏನೋ ತಿನ್ನುತ್ತಿರುತ್ತಾರೆ, ಒಳಗೆ ಡ್ರೈವರಿಗೆ ಒಲೆಯಿಂದ ಇಳಿಸಿದ್ದು ನೇರ ತಟ್ಟೆಗೆ ಬರುತ್ತದೆ. ಸಮುದ್ರದ ಕಡೆಗೆ ಹೋಗುವ ರಸ್ತೆಯಲ್ಲಿ ಅಂಥ ಒಂದು ಹೋಟೆಲಿಗೆ ಹತ್ನಿಮಿಷ ಹನ್ನೊಂದು ವರ್ಷದಿಂದ ಜನ ತಂದು ಸುರಿಯುತ್ತಿದ್ದ. ಊಟ ಸರಿಯಿಲ್ಲವೆಂದು ಯಾರಾದರೂ ಗೊಣಗಿದರೆ, “ಹೊರಗಿನ ಊಟ ಅಲ್ವಾ ಸಾರ್, ಸ್ವಲ್ಪ ಹೊಂದ್ಕೊಳ್ಳಿ” ಎಂದು ಹಲ್ಲು ಕಿರಿಯುತ್ತಿದ್ದ. ಮಕ್ಕಳು ವಾಂತಿ ಮಾಡಿಕೊಂಡರೆ ಸೀಟಿನ ಕೆಳಗಿಂದ ಪ್ಲಾಸ್ಟಿಕ್ ಕವರ್ ತೆಗೆದುಕೊಟ್ಟು, “ತಿರುವು ಜಾಸ್ತಿ, ಅದಕ್ಕೇ” ಎನ್ನುತ್ತಿದ್ದ.

ಮದುವೆಯಾದಾಗಿನಿಂದ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಹೇಳುತ್ತಲೇ ಬಂದಿದ್ದ. ಕೊನೆಗೆ ಬುಕಿಂಗ್ ಇಲ್ಲದ ಒಂದು ವಾರ ಮಾಲೀಕರು, “ಎರಡು ದಿನ ವ್ಯಾನ್ ತಗೊಂಡು ಹೋಗು, ಡೀಸೆಲ್ ನಿಂದು” ಎಂದರು. ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಅವನ ಅಕ್ಕ. ಅಪ್ಪ ಅಮ್ಮ ಬೇಗ ಹೋದಮೇಲೆ ಅವನನ್ನು ಸಾಕಿದವಳು ಈ ಅಕ್ಕ. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ಬೇಯಿಸಿ ಹಾಕಿ, ಹೋದ ವರ್ಷವಷ್ಟೇ ನಿವೃತ್ತಳಾಗಿದ್ದಳು.

ಹೆಂಡತಿ ಬೆಳಿಗ್ಗೆ ಎದ್ದು ಬುತ್ತಿ ಕಟ್ಟಲು ಹೊರಟರೆ ಇವನೇ ತಡೆದ.

“ನಾನಿರೋವಾಗ ಬುತ್ತಿ ಯಾಕೆ? ಈ ರೋಡಲ್ಲಿ ಕಡಿಮೆ ದುಡ್ಡಿಗೆ ಹೊಟ್ಟೆ ತುಂಬ ಎಲ್ಲಿ ಸಿಗತ್ತೆ ಅಂತ ನನ್ನ ಕೇಳು!”

“ಜಂಬ ನೋಡಿ ಅತ್ತಿಗೆ ನಿಮ್ಮ ತಮ್ಮಂದು” ಎಂದು ಹೆಂಡತಿ ನಕ್ಕಳು.

ಜಂಬಕ್ಕೆ ಆಧಾರವೂ ಇತ್ತು. ಸೇತುವೆ ದಾಟಿದ ಮೇಲೆ, ಲಾರಿ ತೂಕ ಹಾಕುವ ಜಾಗದ ಪಕ್ಕ ಒಂದು ತಗಡಿನ ಕ್ಯಾಂಟೀನು. ಮುದುಕ ಮುದುಕಿ ನಡೆಸುವುದು, ನಾಲ್ಕು ಬೆಂಚು. ಒಬ್ಬನೇ ಹೋಗುವಾಗ ಇವನು ಉಣ್ಣುತ್ತಿದ್ದದ್ದು ಅಲ್ಲಿ. ಜನರನ್ನು ಮಾತ್ರ ಒಂದು ದಿನವೂ ಅಲ್ಲಿಗೆ ಕರೆದೊಯ್ದವನಲ್ಲ. ಅಲ್ಲಿ ಡ್ರೈವರಿಗೂ ಬಿಲ್ಲೇ. ಮನೆಯವರನ್ನು ಮಧ್ಯಾಹ್ನಕ್ಕೆ ಅಲ್ಲಿ ಕೂರಿಸಿ ಉಣ್ಣಿಸಬೇಕೆಂದು ಲೆಕ್ಕ ಹಾಕಿದ್ದ.

ಲೆಕ್ಕ ಕೆಟ್ಟದ್ದು ಸೇತುವೆಗೂ ಮೊದಲೇ. ರಸ್ತೆ ಅಗೆದಿದ್ದರು, ಗಾಡಿಗಳ ಸಾಲು ಮೈಲಿಗಟ್ಟಲೆ ನಿಂತಿತ್ತು. ಅಕ್ಕ ಊಟ ಹತ್ತಿರವಿದೆಯೆಂದು ಹನ್ನೆರಡಕ್ಕೇ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಬಿಟ್ಟಿದ್ದಳು. ಎರಡು ಗಂಟೆಗೆ ಅವಳ ಕೈ ನಡುಗುವುದು ಕನ್ನಡಿಯಲ್ಲಿ ಕಾಣಿಸಿತು. ಹೆಂಡತಿ ಬಿಸ್ಕತ್ತು ಕೊಟ್ಟಳು, ಮಗಳು ಜೇಬಿನಲ್ಲಿದ್ದ ಚಾಕಲೇಟು ಕೊಟ್ಟಳು. ಅಷ್ಟರಲ್ಲಿ ಆ ದೊಡ್ಡ ಹೋಟೆಲಿನ ಬೋರ್ಡು ಬಂತು. ಅಲ್ಲಿ ನಿಲ್ಲಿಸಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಬೇರೆ ದಾರಿಯಿರಲಿಲ್ಲ. ಒಳಗೆ ಹೋಗಿ, ಇವರು ನಮ್ಮನೆಯವರು ಅಂತ ಒಂದು ಮಾತು ಹೇಳಿದರಾಯಿತು, ಬಿಸಿಯಾದದ್ದು ಕೊಡುತ್ತಾರೆ ಎಂದುಕೊಂಡು ಗಾಡಿ ತಿರುಗಿಸಿದ.

ಮೂವರನ್ನೂ ಮುಂಬಾಗಿಲಲ್ಲಿ ಒಳಗೆ ಕಳಿಸಿ, ಆ ಮಾತು ಹೇಳಲೆಂದೇ ತಾನು ಪಕ್ಕದ ಬಾಗಿಲಿಗೆ ಹೋದ. ಮ್ಯಾನೇಜರ್ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದ.

“ಬನ್ನಿ ಗುರುಗಳೇ, ಬನ್ನಿ! ಸೀಸನ್ ಇಲ್ದಿದ್ರೂ ಪಾರ್ಟಿ ತಂದ್ರಲ್ಲ. ಎಷ್ಟು ಜನ?”

“ಮೂರೇ.”

“ಮೂರಾದ್ರೇನು, ಹನಿ ಹನಿ ಕೂಡಿದ್ರೆ ಹಳ್ಳ!” ಎಂದ ಮ್ಯಾನೇಜರ್, ಒಳಗೆ ತಿರುಗಿ ಕೂಗಿದ: “ಹೊರಗೆ ಮೂರು! ಮೊದ್ಲು ನಿನ್ನೆ ಪಾತ್ರೇದು ಖಾಲಿ ಮಾಡ್ರೋ!” ಆಮೇಲೆ ಇವನ ಕಡೆ ಕಣ್ಣು ಹೊಡೆದ. “ಬಿಸಿ ಮಾಡಿದ್ರೆ ಯಾರಪ್ಪನಿಗೂ ಗೊತ್ತಾಗಲ್ಲ, ಅಲ್ವಾ?”

ಹಳೆಯ ಜೋಕು. ಹನ್ನೊಂದು ವರ್ಷದಿಂದ ಇದಕ್ಕೆ ಇವನು ನಗುತ್ತಾ ಬಂದಿದ್ದ. ಇವತ್ತೂ, ಮನಸ್ಸು ಬೇಡ ಬೇಡ ಎನ್ನುವ ಮೊದಲೇ ಮುಖ ನಕ್ಕುಬಿಟ್ಟಿತು. ನಕ್ಕ ಮೇಲೆ ಹೇಳುವುದು ಹೇಗೆ? ಅವರು ನಮ್ಮನೆಯವರು, ಅವರಿಗೆ ಅದು ಬೇಡ ಎಂದರೆ, ಹಾಗಾದರೆ ಇಷ್ಟು ವರ್ಷ ತಿಂದವರೆಲ್ಲ ಯಾರ ಮನೆಯವರು ಎಂದು ಮ್ಯಾನೇಜರ್ ಕೇಳುತ್ತಿರಲಿಲ್ಲ. ಆದರೆ ಆ ಪ್ರಶ್ನೆ ಇವನ ಕಿವಿಗೇ ಕೇಳಿಸಿತು. ಈಗ ಹೇಳುತ್ತೇನೆ, ನೀರು ಕುಡಿದು ಹೇಳುತ್ತೇನೆ, ತಟ್ಟೆ ತಂದಿಡಲಿ ಹೇಳುತ್ತೇನೆ ಎನ್ನುತ್ತಲೇ ಕುರ್ಚಿಯಲ್ಲಿ ಕೂತ.

ತಟ್ಟೆ ಬಂತು. ಹಬೆಯಾಡುವ ಅನ್ನ, ಕಾಳಿನ ಸಾರು, ಆಗಷ್ಟೇ ಕರಿದ ಆಲೂಗಡ್ಡೆ, ಎರಡು ಮೊಟ್ಟೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಅವನ ಮರ್ಯಾದೆ ಉಳಿಯುತ್ತಿತ್ತು. ಆದರೆ ಇಳಿಯಿತು, ಹಾಳಾದದ್ದು. ಹಸಿವಾಗಿತ್ತು, ರುಚಿಯಾಗಿಯೂ ಇತ್ತು. ಅರ್ಧ ತಟ್ಟೆ ಮುಗಿಸಿದ್ದ.

ಆಗ ಬಾಗಿಲಲ್ಲಿ ಮಗಳು ಬಂದು ನಿಂತಳು.

“ಏ ಪುಟ್ಟಿ, ಇಲ್ಲೇನು ಕೆಲಸ?” ಮ್ಯಾನೇಜರ್ ಗದರಿದ. “ಇದು ಡ್ರೈವರ್‌ಗಳ ರೂಮು. ನಿಮ್ಮೋರು ಹೊರಗಿದಾರೆ ನೋಡು.” ಇವನ ಕಡೆ ತಿರುಗಿ ಕೇಳಿದ: “ನಿಮ್ಮ ಪಾರ್ಟಿ ಮಗೂನಾ?”

ಬಾಯಿ ತುಂಬ ಅನ್ನವಿತ್ತು. ನುಂಗಿ, “ಹೂಂ, ಪಾರ್ಟೀದು” ಎಂದ.

ಎಂದೇಬಿಟ್ಟ. ಹೆತ್ತ ಮಗಳನ್ನು, ಎದುರಿಗೆ ನಿಂತವಳನ್ನು. ಹುಡುಗಿ ಅವನ ಮುಖ ನೋಡಿದಳು, ತಟ್ಟೆ ನೋಡಿದಳು, ಮತ್ತೆ ಮುಖ ನೋಡಿದಳು. ಇವನು ಮೊಟ್ಟೆಯನ್ನು ನೋಡುತ್ತಾ ಕೂತ. ಯಾವತ್ತೂ “ಕೊಡಪ್ಪಾ” ಎಂದು ಕೈಯಿಂದ ಕಿತ್ತುಕೊಳ್ಳುವವಳು ಅವತ್ತು ದೂರದಿಂದಲೇ ಕೇಳಿದಳು: “ನೀರಿನ ಬಾಟ್ಲಿ ವ್ಯಾನಲ್ಲೇ ಇದೆ. ಕೀ ಕೊಡ್ತೀರಾ?”

ಅವನು ಕೀ ಕೊಟ್ಟ. ಅವಳು ತೆಗೆದುಕೊಂಡು ಹೋದಳು. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಹಾಗಾಯಿತು. ಅದು ಬಾಯಿ ಬಿಡಲಿಲ್ಲ. ಮ್ಯಾನೇಜರ್ ಮಾತ್ರ ಇನ್ನೊಂದು ಮೊಟ್ಟೆ ಹಾಕಿಸಿದ.

ಮತ್ತೆ ಹೊರಟಾಗ ಮುಂದಿನ ಸೀಟು ಖಾಲಿಯಿತ್ತು. ಬೆಳಿಗ್ಗೆಯಿಂದ ಅಲ್ಲೇ ಕೂತು ಅಪ್ಪ ಬದಲಿಸುವ ಗೇರು ಎಣಿಸುತ್ತಿದ್ದ ಮಗಳು ಹಿಂದೆ ಹೋಗಿ ಅತ್ತೆಯ ಪಕ್ಕ ಕೂತಿದ್ದಳು. ಅರ್ಧ ಗಂಟೆ ಕಳೆದಿರಲಿಲ್ಲ, “ರೀ, ನಿಲ್ಲಿಸ್ರೀ!” ಎಂದು ಹೆಂಡತಿ ಕಿರುಚಿದಳು. ಮಗಳು ಇಳಿಯುತ್ತಲೇ ತಿಂದದ್ದನ್ನೆಲ್ಲ ರಸ್ತೆಯ ಅಂಚಿನಲ್ಲಿ ಕಕ್ಕಿದಳು. ಇವನು ಓಡಿಹೋಗಿ ಬೆನ್ನು ನೀವಿದ, ಬಾಯಿ ತೊಳೆಸಿದ. ತಿರುವು ಜಾಸ್ತಿ ಎನ್ನೋಣವೆಂದರೆ ರಸ್ತೆ ನೇರಕ್ಕೆ ನೇರ.

ಅಕ್ಕ ಮೈಲಿಗಲ್ಲಿನ ಮೇಲೆ ಕೂತಿದ್ದಳು.

“ಆ ಸಾರು ನಿನ್ನೇದು ಕಣೋ. ಮೊದಲನೇ ತುತ್ತಿಗೇ ಗೊತ್ತಾಯ್ತು. ನನ್ನ ಕೈಕಾಲು ನಡುಗ್ತಿತ್ತು, ಎರಡು ತುತ್ತು ನುಂಗ್ದೆ. ಇವಳಿಗೆ ಬೇಡ ಅನ್ನೋಷ್ಟರಲ್ಲಿ ಹಸಿದಿತ್ತು ಪಾಪ, ತಿಂದೇಬಿಟ್ಟಿತ್ತು.” ಆಮೇಲೆ ನಿಧಾನವಾಗಿ ಕೇಳಿದಳು: “ನೀನೇನು ತಿಂದೆ?”

“ನಾನಾ? ನಾನೂ ಅದನ್ನೇ ತಿಂದಿದ್ದು ಅಕ್ಕ” ಎನ್ನುತ್ತಾ ಕುಂಬಳಕಾಯಿ ಕಳ್ಳನ ಹಾಗೆ ಮೀಸೆ ಒರೆಸಿಕೊಂಡ.

“ನೀವು ಒಳಗೆಲ್ಲೋ ಹೋಗಿದ್ರಲ್ಲ?” ಎಂದಳು ಹೆಂಡತಿ, ಹುಬ್ಬು ಗಂಟಿಕ್ಕಿ.

ಅವನು ನೀರಿನ ಬಾಟ್ಲಿಯ ಮುಚ್ಚಳ ತಿರುಗಿಸತೊಡಗಿದ. ಅಷ್ಟರಲ್ಲಿ ಮಗಳು, ಒದ್ದೆ ಬಾಯನ್ನು ಲಂಗದಲ್ಲಿ ಒರೆಸಿಕೊಳ್ಳುತ್ತಾ ಅಂದಳು:

“ಅಪ್ಪ ತಿಂದಿದ್ದೂ ಅದೇ ಅತ್ತೆ. ನಾನೇ ನೋಡ್ದೆ.”

ಹೇಳಿ ತಲೆ ಬಗ್ಗಿಸಿ ಚಪ್ಪಲಿಯಿಂದ ಮಣ್ಣು ಕೆದಕತೊಡಗಿದಳು. ಕ್ಲಾಸಿನಲ್ಲಿ ಪೆನ್ಸಿಲ್ ಕಳೆದರೂ ಮನೆಗೆ ಬಂದು ನಿಜ ಹೇಳುವ ಹುಡುಗಿ. ಹತ್ನಿಮಿಷನಿಗೆ ಇದನ್ನು ತಡೆಯಲಾಗಲಿಲ್ಲ. ಅಲ್ಲೇ ಕುಕ್ಕರಿಸಿದ.

“ಅಕ್ಕ, ಅವಳು ಸುಳ್ಳು ಹೇಳ್ತಿದಾಳೆ. ನನ್ನ ಮಾನ ಉಳಿಸೋಕೆ. ನಾನು ಒಳಗೆ ಕೂತು ಬಿಸಿಬಿಸಿ ಊಟ ಮಾಡ್ದೆ. ನಿಮಗೆ ಕೊಡೋದು ನಿನ್ನೇದು ಅಂತಾನೂ ಗೊತ್ತಿತ್ತು. ಹನ್ನೊಂದು ವರ್ಷದಿಂದ ನಾನು ಜನ ತರೋದೂ ಅಲ್ಲಿಗೇ. ಇವಳು ಬಂದಾಗ... ಇವಳು ನನ್ನ ಮಗಳು ಅಂತ ಹೇಳ್ಲಿಲ್ಲ.”

ಹೆಂಡತಿ ಸೆರಗಿನಿಂದ ಮಗಳ ಮುಖ ಒರೆಸಿದಳು. ಆಮೇಲೆ, “ಹನ್ನೊಂದು ವರ್ಷ ಎಷ್ಟು ಜನರ ಮಕ್ಕಳು ಹೀಗೇ ರೋಡ್ ಪಕ್ಕ ನಿಂತಿರ್ಬೇಕು!” ಎಂದಳು. ಬೈದಿದ್ದರೆ ವಾಸಿಯಿತ್ತು.

“ನಂಗೆ ಆಗ್ಲೇ ಗೊತ್ತಾಯ್ತು,” ಎಂದಳು ಅಕ್ಕ. “ಮೂವತ್ತು ವರ್ಷ ಒಲೆ ಮುಂದೆ ನಿಂತೋಳು ನಾನು. ವ್ಯಾನ್ ಹತ್ತಿದಾಗ್ಲೇ ಕರಿದ ಎಣ್ಣೆ ವಾಸನೆ ನಿನ್ನ ಕೈಯಿಂದ ಬರ್ತಿತ್ತು. ನೀನಾಗೇ ಬಾಯಿ ಬಿಡ್ತೀಯ ಅಂತ ಕಾದೆ. ಮಗು ಬಾಯಲ್ಲಿ ಸುಳ್ಳು ಬರೋವರೆಗೂ ಸುಮ್ನಿದ್ದೆಯಲ್ಲೋ!”

ಅವನು ಅತ್ತ. ದೊಡ್ಡ ಗಂಡಸು, ಹೋಗಿಬರುವ ಲಾರಿಗಳ ಎದುರಿಗೆ. ಯಾರೂ ಸಮಾಧಾನ ಮಾಡಲಿಲ್ಲ, ಮಾಡಬೇಕಾದ್ದೂ ಇರಲಿಲ್ಲ. ಅಕ್ಕನೇ ಕೊನೆಗೆ, “ಏಳು, ಮಗು ಹೊಟ್ಟೆ ಖಾಲಿಯಾಗಿದೆ” ಎಂದಳು.

ಸೇತುವೆ ದಾಟಿ ತಗಡಿನ ಕ್ಯಾಂಟೀನಿಗೆ ಬಂದಾಗ ಬಿಸಿಲಿಳಿದಿತ್ತು. ಮುದುಕಿ ಒಲೆ ಊದುತ್ತಿದ್ದಳು. ಮುದುಕ ಬೆಂಚು ಒರೆಸುತ್ತಾ, “ಬನ್ನಿ ಬನ್ನಿ, ಏನಪ್ಪಾ ಇವತ್ತು ಜನಾನೂ ಕರ್ಕೊಂಡು ಬಂದಿದೀಯ? ಯಾರಿವ್ರು?” ಎಂದು ಕೇಳಿದ.

ಹತ್ನಿಮಿಷ ಬಾಯಿ ತೆರೆದ. ಅಷ್ಟರಲ್ಲಿ ಮಗಳು ಅವನ ಅಂಗಿಯ ತುದಿ ಹಿಡಿದು ಜಗ್ಗಿದಳು. ಬಗ್ಗಿದ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಸ ಜಾಗದಲ್ಲಿ ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳುವ ಹಾಗೆ, ಮೆಲ್ಲಗೆ ಅವನ ಕಿವಿಯಲ್ಲಿ ಕೇಳಿದಳು:

“ಅಪ್ಪಾ, ಇಲ್ಲಿ ನಾನು ನಿನ್ನ ಮಗಳು ಅಂತ ಹೇಳ್ಬಹುದಾ?”