ನೆರಳಲ್ಲಿ ಒಣಗಿಸಿದ ಸಿಪ್ಪೆ

ಅವ್ವ ತೀರಿಕೊಂಡ ಮೇಲೆ ಅವಳ ಕೌದಿ ಅಕ್ಕನ ಪಾಲಿಗೆ ಬಂತು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅವ್ವನೇ ಹೊಲಿದ ಹೊದಿಕೆ. ಅಕ್ಕ ಅದನ್ನು ಹಾವೇರಿಯ ನಮ್ಮ ಮನೆಯಿಂದ ಬ್ಯಾಡಗಿಗೆ ಒಯ್ದಳು. ಒಗೆಯಲಿಲ್ಲ, ಹೊದೆಯಲೂ ಇಲ್ಲ. ಟ್ರಂಕಿನಲ್ಲಿಟ್ಟು ಆಗಾಗ ಮುಚ್ಚಳ ತೆಗೆದು ಮೂಸುತ್ತಿದ್ದಳು. ಅದರಲ್ಲಿ ಅವ್ವನ ವಾಸನೆ ಉಳಿದಿತ್ತು. ನಾನು ಹೋದಾಗಲೂ ಮೊದಲು ಟ್ರಂಕು, ಆಮೇಲೆ ಚಹಾ.

ಅವ್ವ ಕಿತ್ತಳೆ ಸಿಪ್ಪೆ ಎಸೆದದ್ದನ್ನು ನಾನು ನೋಡಿಲ್ಲ. ಅಡುಗೆಮನೆಯ ಗೋಡೆಯ ಮಾಡದಲ್ಲಿ ಬಿಸಿಲು ತಾಗದಂತೆ ಒಣಗಿಸಿ, ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಕೌದಿಯ ಮಡಿಕೆಗಳಲ್ಲಿ ಇಡುತ್ತಿದ್ದಳು. ಹುಳು ಬರುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ ಎನ್ನುತ್ತಿದ್ದಳು. ಅಕ್ಕನೂ ಸಿಪ್ಪೆ ಇಟ್ಟಳು. ಆದರೆ ಅವಳು ಮೆಣಸಿನಕಾಯಿ ವ್ಯಾಪಾರಿಗಳ ಮನೆ ಸೇರಿ ವರ್ಷಗಳಾಗಿದ್ದವು. ಆ ಊರಿನಲ್ಲಿ ಒಣಗಿಸುವುದೆಂದರೆ ಬಿಸಿಲು. ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡುವವರೆಗೆ ಬಿಸಿಲು. ಸಿಪ್ಪೆಯನ್ನೂ ಹಾಗೆಯೇ ಮಾಳಿಗೆಯ ಮೇಲೆ ಹರವಿ, ಮುರಿದರೆ ಚಟ್ ಎನ್ನುವಷ್ಟು ಒಣಗಿಸಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಕೌದಿಯ ಒಂದು ಅಂಚಿಗೆ ಬೂಷ್ಟು ಹಿಡಿದಿತ್ತು. ಒಗೆದರೆ ವಾಸನೆ ಹೋಗುತ್ತದೆ, ಬಿಟ್ಟರೆ ಬಟ್ಟೆಯೇ ಹೋಗುತ್ತದೆ ಎಂದು ಅಕ್ಕ ಫೋನಿನಲ್ಲಿ ಚಡಪಡಿಸಿದಳು. ಹೊಸ ಸಿಪ್ಪೆ ತುಂಬಿದರೆ ಬೂಷ್ಟು ಹೋಗುತ್ತದೆಯೇ, ತಿಳಿದವರನ್ನು ಕೇಳು ಎಂದಳು.

ಗೊತ್ತಿಲ್ಲದ್ದನ್ನು ಕೇಳಿ ಬರೆಯುವುದೇ ನನ್ನ ಪತ್ರಿಕೆಯ ಕೆಲಸ. ರಾಣೇಬೆನ್ನೂರಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಪರಿಚಿತರೊಬ್ಬರ ಬಳಿ ಹೋದೆ. ಅವರು ಕಿತ್ತಳೆ ಸಿಪ್ಪೆಯನ್ನು ಮಡಚಿ ಒತ್ತಿದರು. ಸಣ್ಣ ಹನಿಗಳು ಚಿಮ್ಮಿದವು. ಹೊರಮೈಯ ಚುಕ್ಕೆಗಳೆಲ್ಲ ಎಣ್ಣೆಯ ಪುಟ್ಟ ಚೀಲಗಳಂತೆ. ಆ ಎಣ್ಣೆಯ ಆವಿಗೆ ಕೆಲವು ಬಗೆಯ ಬೂಷ್ಟು ಬೆಳೆಯುವುದು ತಗ್ಗುತ್ತದೆ, ಕೆಲವು ಹುಳುಗಳು ದೂರ ಉಳಿಯುತ್ತವೆ. ಆದರೆ ಅದು ಹಾರಿಹೋಗುವ ಎಣ್ಣೆ, ಸುಡುಬಿಸಿಲಿಗೆ ಇನ್ನೂ ಬೇಗ ಹಾರುತ್ತದೆ. ಒಮ್ಮೆ ಬೇರುಬಿಟ್ಟ ಬೂಷ್ಟನ್ನು ಒಣಸಿಪ್ಪೆ ತೆಗೆಯಲಾರದು.

“ಒಗದ್ ಬಿಡ್ರಿ,” ಎಂದರು. “ಬ್ಯಾರೆ ಹಾದಿ ಇಲ್ಲ.”

ಬ್ಯಾಡಗಿಗೆ ಹೋಗಿ, ಕೇಳಿದ್ದನ್ನು ಕೇಳಿದಂತೆಯೇ ಅಕ್ಕನಿಗೆ ಹೇಳಿದೆ. ಅವಳು ಟ್ರಂಕು ತೆಗೆದು ಬೂಷ್ಟು ಹಿಡಿದ ಅಂಚನ್ನು ಬೆರಳಿನಿಂದ ಸವರಿದಳು.

“ಹಂಗಾರ ಅವ್ವನ್ನ ನಾನ ಬಿಸಲಿಗೆ ಹಾಕಿ ಕಳಕೊಂಡ್ನೇನೋ ತಮ್ಮಾ?”

ಈ ಸಲದ ತೇವಕ್ಕೆ ನೆರಳಲ್ಲಿ ಒಣಗಿಸಿದ ಸಿಪ್ಪೆಯೂ ಸಾಲುತ್ತಿತ್ತೋ ಇಲ್ಲವೋ ಎಂದೆ. ಅದು ನಿಜವೂ ಆಗಿತ್ತು. ಅವಳಿಗೆ ಸಮಾಧಾನವಾಗಲಿಲ್ಲ.

ಕೌದಿಯನ್ನು ಯಾರ ಕೈಗೂ ಕೊಡದೆ ತಾನೇ ಒಗೆದಳು. ನೀರು ತುಂಬಿದ ಕೌದಿ ಒಬ್ಬರಿಗೆ ಎತ್ತಲಾಗದು. ಇನ್ನೊಂದು ತುದಿ ಹಿಡಿದು ಹಿಂಡುತ್ತ ಅವಳ ಗಂಡ, “ತನ್ನ ಲಗ್ನದ ಸೀರಿನೂ ಇಷ್ಟ ಜ್ವಾಕಿ ಮಾಡಿಲ್ಲ ನೋಡಪಾ ನಿಮ್ಮಕ್ಕ,” ಎಂದು ನನ್ನತ್ತ ನೋಡಿದರು. ಅಕ್ಕ ನಗಲಿಲ್ಲ. ಬೂಷ್ಟು ಹೋಯಿತು. ಒಣಗಿದ ಕೌದಿ ಸೋಪಿನ ವಾಸನೆ ಹೊಡೆಯುತ್ತಿತ್ತು.

ಚಳಿಗಾಲದ ಕಿತ್ತಳೆ ಬಂದಾಗ ಅವಳು ಸಿಪ್ಪೆಯನ್ನು ಅಡುಗೆಮನೆಯ ನೆರಳಲ್ಲಿಟ್ಟು ಒಣಗಿಸಿ, ಗಂಟು ಕಟ್ಟಿ, ಮಡಿಕೆಗಳಲ್ಲಿಟ್ಟಳು. ಮುಂದಿನ ಸಲ ಹೋದಾಗ ಟ್ರಂಕಿನ ಮುಚ್ಚಳ ತೆಗೆದು ನನ್ನನ್ನು ಕರೆದಳು. ಇಬ್ಬರೂ ಬಗ್ಗಿದೆವು. ಇಷ್ಟು ದಿನ ಅವ್ವನದೆಂದುಕೊಂಡಿದ್ದ ವಾಸನೆಯಲ್ಲಿ ಹೆಚ್ಚಿನ ಪಾಲು ಈ ಸಿಪ್ಪೆಯದೇ ಆಗಿತ್ತು. ಅದು ಹಾಗೆಯೇ ಮರಳಿತ್ತು. ಜೊತೆಗೆ ಇರಬೇಕಾದ ಮತ್ತೇನೋ ಇರಲಿಲ್ಲ.

“ಅರ್ಧಾ ಬಂದೈತಿ,” ಎಂದಳು ಅಕ್ಕ. “ಉಳದಿದ್ದು ಏನಿತ್ತು? ನಿನಗ ನೆನಪೈತೇನು?”

ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಇರಬಹುದು ಎಂದೆ. ಅಲ್ಲ ಎಂದು ತಲೆಯಾಡಿಸಿದಳು. ಎಲೆ ಅಡಿಕೆ ಎಂದೆ. ಒಲೆಯ ಹೊಗೆ ಎಂದೆ. ಅವಳು ಕಣ್ಣು ಮುಚ್ಚಿ ಇನ್ನೊಮ್ಮೆ ಉಸಿರೆಳೆದುಕೊಂಡಳು. ಅದೂ ಅಲ್ಲ ಎಂದಳು. ನಾನು ಮತ್ತೆ ಬಗ್ಗಿ ಮೂಸಿದೆ.