ಮಲ್ಲಪ್ಪ ಕಾಕಾ ಓದಿದ ಕಾಗದ

ಟಪಾಲಿನ ಮಲ್ಲಪ್ಪ ಕಾಕಾ ಕಾಗದ ಓದುವ ಮುಂಚೆ ಸುತ್ತ ಕೂತವರನ್ನೆಲ್ಲ ಎಬ್ಬಿಸಿ ಕಳಿಸುತ್ತಿದ್ದರು. ದೇವಣಗಾಂವದಲ್ಲಿ ಓದು ಬಾರದವರಿಗೆ ಪತ್ರ ಓದಿ ಹೇಳುವ ಕೆಲಸವೂ ಅವರದೇ. ಕಟ್ಟೆಯ ಮೇಲೆ ಗಂಡನೇ ಕೂತಿದ್ದರೂ, "ಸ್ವಲ್ಪ ಆಕಡಿ ಹೋಗ್ರಿ, ಕಾಗದ ಆಕೀ ಹೆಸರಿಗೆ ಬಂದೈತಿ" ಎನ್ನುತ್ತಿದ್ದರು. ಎಷ್ಟೋ ಗಂಡಂದಿರು ಬೈದಿದ್ದಾರೆ. ಅವರು ಮರೆಯಾಗುವ ತನಕ ಕಾಕಾ ಬಾಯಿ ಬಿಡುತ್ತಿರಲಿಲ್ಲ. ಈ ಹಟ ನೋಡಿ ನಾನೂ ನಗುತ್ತಿದ್ದೆ.

ತುರ್ತು ಪರಿಸ್ಥಿತಿಯಲ್ಲಿ ನಮ್ಮಣ್ಣ ಪೊಲೀಸರ ಕಣ್ಣು ತಪ್ಪಿಸಿ ಊರು ಬಿಟ್ಟಿದ್ದ. ನಾನು ನಿಡಗುಂದಿಯ ಶಾಲೆಯಲ್ಲಿ ಕಲಿಸುತ್ತಿದ್ದೆ. ಒಂದು ದಿನ ಊರಲ್ಲಿದ್ದ ಅವ್ವನ ಹೆಸರಿಗೆ ಅಣ್ಣನ ಕಾಗದ ಬಂತು. ಕಾಕಾ ಓದಿ ಹೇಳಿದರು. ಅವ್ವ ಹೆದರಿ ಅದನ್ನು ಒಲೆಗೆ ಹಾಕಿದಳು. ಮರುದಿನವೇ ಪೊಲೀಸರು ಬಂದು, ಕಾಗದ ಎಲ್ಲಿಂದ ಬಂತು, ಏನಿತ್ತು ಎಂದು ಕಾಕಾನನ್ನು ಕೇಳಿದರಂತೆ.

"ಕಾಗದದ ಮ್ಯಾಲ ಬರದ ಹುಕುಂ ಇದ್ರ ತೋರಸ್ರಿ ಸಾಹೇಬ್ರ, ಚೀಲ ನೋಡಾಕ ಕೊಡ್ತೇನಿ. ನಾ ಓದಿ ಹೇಳಿದ ಮಾತು ಮಾತ್ರ ಆ ಮುದುಕೀದು, ಕೊಡಾಕ ಬರಂಗಿಲ್ರಿ."

ಎರಡು ದಿನ ಠಾಣೆಯಲ್ಲಿ ಕೂಡಿಸಿದರು. ಆಮೇಲೆ ಟಪಾಲಿನ ಮೇಲಧಿಕಾರಿಗಳು ಮುದ್ದೇಬಿಹಾಳದ ಆಚೆ ತಂಗಡಗಿಗೆ ವರ್ಗ ಮಾಡಿದರು.

ತುರ್ತು ಪರಿಸ್ಥಿತಿ ಮುಗಿಯಿತು, ಅಣ್ಣ ಬರಲಿಲ್ಲ. ಎಲ್ಲೋ ಜ್ವರದಲ್ಲಿ ತೀರಿಕೊಂಡನೆಂದು ಸುದ್ದಿ ಬಂತು. ಕಾಗದದಲ್ಲಿ ಏನಿತ್ತೆಂದು ಕೇಳಿದಾಗಲೆಲ್ಲ ಅವ್ವ, "ಆರಾಮ ಅದೇನಿ ಅಂತ ಬರದಿದ್ದ" ಎಂದಷ್ಟೇ ಹೇಳಿ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. ಅವಳೂ ಹೋದ ಮೇಲೆ, ಅಣ್ಣನ ಆ ಮಾತುಗಳು ಲೋಕದಲ್ಲಿ ಕಾಕಾ ಒಬ್ಬರ ಬಳಿ ಉಳಿದವು.

ತಂಗಡಗಿಗೆ ಹೋದೆ. ಕಾಕಾ ಚಹಾ ಕುಡಿಸಿದರು.

"ಕಾಕಾ, ಆ ಕಾಗದದಾಗ ಅಣ್ಣ ನನ್ನ ಹೆಸರಾದ್ರೂ ಬರದಿದ್ನೇನ್ರಿ?"

ಕಾಕಾ ಕಪ್ಪು ಕೆಳಗಿಟ್ಟರು. "ಅದು ನಿಮ್ಮವ್ವಗ ಬಂದ ಕಾಗದ, ತಂಗಿ. ನಿನಗ ಹೇಳು ಅಂತ ಆಕಿ ಹೇಳಿದ್ರ ಹೇಳತಿದ್ದೆ. ಆಕಿ ಹೇಳಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ನಿಮಗ ಪೊಲೀಸರೂ ಒಂದ, ನಾನೂ ಒಂದ ಏನ್ರಿ?"

"ಅಲ್ಲವ್ವಾ. ಅವರಿಗೆ ಇಲ್ಲ ಅನ್ನೂದು ಸರಳ ಇತ್ತು."

ಅವರ ಕಣ್ಣು ತುಂಬಿದ್ದವು. ಬಸ್ಸಿನ ತನಕ ಬಂದು, ಬಿಸಿಲಿಗೆ ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತರು. ಅದೇ ಕೊನೆಯ ಭೇಟಿ. ಅಣ್ಣ ಏನು ಬರೆದಿದ್ದ ಎಂಬ ಹಂಬಲ ನನಗೆ ಇವತ್ತಿಗೂ ಹೋಗಿಲ್ಲ.

ಮರುವರ್ಷ ತಂಗಡಗಿಯಿಂದ ಕಾರ್ಡು ಬಂತು. ಮೇಲಿನ ಮೂಲೆ ಹರಿದಿತ್ತು. ಕಾಕಾನ ಸಾವಿನ ಸುದ್ದಿಯೆಂದು ನೋಡಿದೊಡನೆ ತಿಳಿಯಿತು. ಹೆಸರು ನನ್ನದೇ ಇತ್ತು. ತರಗತಿಯ ಮಕ್ಕಳನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಒಬ್ಬಳೇ ಕೂತು ಓದಿಕೊಂಡೆ.